ಅಜ್ಜಿಯ ಪದ, ಮೊಮ್ಮಗನ ಮಿಕ್ಸರ್

ಕಳೆದ ನವೆಂಬರಿನ ಒಂದು ರವಿವಾರ ಸಂಜೆ ಖಡಕಿಯ ಸಭಾಗೃಹವೊಂದರಲ್ಲಿ ನಮ್ಮವರು ನಡೆಸಿದ ರಾಜ್ಯೋತ್ಸವ ಕಾರ್ಯಕ್ರಮವನ್ನು ಕುರಿತು ಈ ಸಲ ನಾಲ್ಕು ಮಾತು ಬರೆಯಬೇಕಾಗಿದೆ. ನಾಡಗೀತೆ, ಸ್ವಾಗತ, ಮಕ್ಕಳ ಕೋಲಾಟ, ಬಹುಮಾನ ವಿತರಣೆ ಎಲ್ಲವೂ ಎಂದಿನಂತೆ ಸಾಂಗವಾಗಿ ನೆರವೇರಿದವು. ಅವುಗಳ ವರದಿಯನ್ನು ಬೇರೆಯವರು ಬರೆದೇ ಬರೆಯುತ್ತಾರೆ. ನಾವು ಬರೆಯಹೊರಟಿರುವುದು ಕೊನೆಯ ಒಂದೂವರೆ ಗಂಟೆಯನ್ನು ಕುರಿತು. ಆಮಂತ್ರಣ ಪತ್ರಿಕೆಯಲ್ಲಿ ಅದಕ್ಕೆ 'ಯುವಕರಿಂದ ಕನ್ನಡ ಡಿಜೆ' ಎಂದು ಹೆಸರಿತ್ತು. ಅದು ಮುಗಿಯುವ ಮೊದಲೇ ಮುಂದಿನ ಮೂರು ಸಾಲುಗಳು ಖಾಲಿಯಾಗಿದ್ದವು. ಮರುವಾರ ಕಾರ್ಯಕಾರಿ ಸಮಿತಿಯಲ್ಲಿ 'ಮುಂದಿನ ವರ್ಷದಿಂದ ಈ ಡಿಜೆಯ ಗದ್ದಲವೇ ಬೇಡ' ಎಂಬ ಸೂಚನೆಯೂ ಬಂದಿದೆ. ನಿರ್ಣಯವಾಗುವ ಮೊದಲು ಆ ಸಂಜೆ ಏನು ನಡೆಯಿತು, ತಪ್ಪು ಯಾರದು ಎಂಬುದನ್ನು ಶಾಂತವಾಗಿ ವಿಚಾರಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಮೊದಲಿಗೆ ಒಂದು ಒಪ್ಪಿಗೆಯ ಮಾತು. ನಮ್ಮ ತಲೆಮಾರಿನವರಿಗೆ ಮಿಕ್ಸರ್ ಎಂದರೆ ಅಡಿಗೆಮನೆಯ ಯಂತ್ರ. ಚಟ್ನಿ ಅರೆಯುವುದಕ್ಕಿಂತ ಹೆಚ್ಚಿನ ಕೆಲಸ ಅದಕ್ಕಿದೆಯೆಂದು ನಾವು ತಿಳಿದವರಲ್ಲ. ಡಿಜೆ ಎಂದರಂತೂ ಗಣೇಶ ವಿಸರ್ಜನೆಯ ದಿನ ಕಿಟಕಿಯ ಗಾಜು ನಡುಗಿಸುವ ಪೆಟ್ಟಿಗೆಗಳ ಗೋಡೆ. ಪುಣೆಯಲ್ಲಿ ಆ ಗೋಡೆಗೆ 'ಡಾಲ್ಬಿ' ಎಂಬ ಹೆಸರು ಬಿದ್ದಿರುವುದು ಒಂದು ತಮಾಷೆಯೇ ಸರಿ. ರೇ ಡಾಲ್ಬಿ ಎಂಬ ತಂತ್ರಜ್ಞ ೧೯೬೫ರಲ್ಲಿ ತನ್ನ ಸಂಸ್ಥೆಯನ್ನು ಆರಂಭಿಸಿ ಹೆಸರು ಮಾಡಿದ್ದು ಟೇಪಿನ ಮೇಲೆ ಕೇಳಿಬರುವ 'ಸುಯ್' ಎಂಬ ಬೇಡದ ಸದ್ದನ್ನು ತಗ್ಗಿಸುವ ಉಪಾಯ ಕಂಡುಹಿಡಿದು. ಸದ್ದು ಇಳಿಸಿದವನ ಹೆಸರನ್ನು ನಾವು ಸದ್ದು ಏರಿಸುವ ಪೆಟ್ಟಿಗೆಗೆ ಇಟ್ಟಿದ್ದೇವೆ. ಇಂಥ ಪೂರ್ವಗ್ರಹ ಹೊತ್ತುಕೊಂಡೇ ನಾವು ಆ ಸಂಜೆ ಎರಡನೆಯ ಸಾಲಿನಲ್ಲಿ ಕುಳಿತಿದ್ದೆವು.

ವೇದಿಕೆಯ ಮೇಲಿದ್ದ ಹುಡುಗ ಇಂಜಿನಿಯರಿಂಗ್ ಎರಡನೆಯ ವರ್ಷದವನು. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲಿಯೇ. ತಂದೆಯ ಊರು ವಿಜಯಪುರ ಜಿಲ್ಲೆಯ ಇಂಡಿಯ ಕಡೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡ ಓದಲು ಬರುತ್ತದೆ, ಆದರೆ ನಿಧಾನ. ಅವನ ಮುಂದೆ ಒಂದು ಲ್ಯಾಪ್‌ಟಾಪು, ಪಕ್ಕದಲ್ಲಿ ಬಾಡಿಗೆಗೆ ತಂದ ಎರಡು ಚಾನೆಲ್ಲುಗಳ ಡಿಜೆ ಮಿಕ್ಸರು. ಈ ಮಿಕ್ಸರನ್ನು ಆರಿಸಿದ್ದು ಹುಡುಗನಲ್ಲ, ಸಮಿತಿ. ಮಂಡಪದವನು ತೋರಿಸಿದ ಮೂರರಲ್ಲಿ ಬಾಡಿಗೆ ಕಡಿಮೆ, ದೀಪ ಹೆಚ್ಚು ಎಂಬ ಎರಡು ಕಾರಣಕ್ಕೆ ಅದನ್ನು ಗೊತ್ತುಮಾಡಲಾಯಿತು. ಸಮಿತಿಯಲ್ಲಿ ನಾವೂ ಇದ್ದೆವು. ಆದ್ದರಿಂದ ಮುಂದೆ ಹೇಳುವ ತಪ್ಪುಗಳಲ್ಲಿ ನಮ್ಮ ಪಾಲೂ ಇದೆ.

ಮೊದಲ ಹಾಡು ಶುರುವಾದಾಗ ಗಾಯಕನ ದನಿ ಡಬ್ಬಿಯೊಳಗೆ ಕಲ್ಲು ಹಾಕಿ ಅಲುಗಾಡಿಸಿದಂತೆ ಕೇಳಿತು. ಕಾರಣ ಬಹಳ ಸಣ್ಣದು. ಮಿಕ್ಸರಿನ ಹಿಂದೆ ಪ್ರತಿ ಚಾನೆಲ್ಲಿಗೂ ಎರಡು ಬಗೆಯ ಪ್ರವೇಶಗಳಿರುತ್ತವೆ. 'ಫೋನೋ' ಎಂಬುದು ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರಕ್ಕೆ. 'ಲೈನ್' ಎಂಬುದು ಲ್ಯಾಪ್‌ಟಾಪು, ಸಿಡಿ ಮೊದಲಾದವುಗಳಿಗೆ. ತಟ್ಟೆಯ ಮುಳ್ಳಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟು. ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುವುದು ೧೯೫೪ರಿಂದ ರೂಢಿಯಲ್ಲಿರುವ ಕ್ರಮ. ಫೋನೋ ಪ್ರವೇಶವು ಅದನ್ನು ತಿರುವುಮುರುವು ಮಾಡಿ ಸರಿಪಡಿಸುತ್ತದೆ, ಜೊತೆಗೆ ದನಿಯನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ. ಅದಾಗಲೇ ತುಂಬಿದ ಕೊಡದಂತಿರುವ ಲ್ಯಾಪ್‌ಟಾಪಿನ ದನಿಯನ್ನು ಅಲ್ಲಿಗೆ ಸುರಿದರೆ ಹೊರಚೆಲ್ಲದೆ ಇನ್ನೇನು? ಎರಡು ಹಾಡು ಕಳೆದ ಮೇಲೆ ಹುಡುಗನಿಗೆ ತಿಳಿದು ಕೇಬಲ್ಲನ್ನು ಬದಲಿಸಿದ.

ದನಿ ತಿಳಿಯಾದ ಮೇಲೆ ಅದರ ಹಿಂದಿದ್ದ 'ಗುಂಯ್' ಎಂಬ ಶಬ್ದ ಕೇಳಿಸತೊಡಗಿತು. ಹಾಡಿನ ನಡುವೆ ಜೇನುಗೂಡು ಕಟ್ಟಿದಂತೆ. ಇದು ಮಿಕ್ಸರಿನ ದೋಷವಲ್ಲ. ಲ್ಯಾಪ್‌ಟಾಪಿನ ಚಾರ್ಜರು ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರು ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ. ಎರಡರ ಅರ್ಥಿಂಗ್ ಸುತ್ತಿ ಬಂದು ಕೇಬಲ್ಲಿನ ಮೂಲಕ ಕೂಡಿದಾಗ ನಮ್ಮ ವಿದ್ಯುತ್ತಿನ ೫೦ ಹರ್ಟ್ಜಿನ ಕಂಪನವೇ ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ. ಚಾರ್ಜರನ್ನು ಕಿತ್ತಾಗ ಶಬ್ದ ನಿಂತಿತು. ಆದರೆ ಬ್ಯಾಟರಿ ಎಷ್ಟು ಹೊತ್ತು ಬಂದೀತು? ಎಲ್ಲ ಯಂತ್ರಗಳಿಗೂ ಒಂದೇ ಪ್ಲಗ್ ಪಟ್ಟಿಯಿಂದ ವಿದ್ಯುತ್ತು ಕೊಡುವುದು, ವೇದಿಕೆಯಿಂದ ಹಿಂದಿನ ಮೇಜಿಗೆ ಹೋಗುವ ಉದ್ದನೆಯ ದಾರಿಗೆ ಮೂರು ಪಿನ್ನಿನ ಬ್ಯಾಲೆನ್ಸ್‌ಡ್ ಕೇಬಲ್ ಬಳಸುವುದು, ಸಾಲದಿದ್ದರೆ ನಡುವೆ ಒಂದು ಡಿಐ ಪೆಟ್ಟಿಗೆ ಇಡುವುದು, ಇವೇ ಸರಿಯಾದ ಪರಿಹಾರಗಳು. ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿದು ಹಾಕುವ ಒಂದು ಕೆಟ್ಟ ಪದ್ಧತಿ ಮಂಡಪದವರಲ್ಲಿ ಉಂಟು. ಅದು ಪ್ರಾಣಕ್ಕೇ ಅಪಾಯ. ನಮ್ಮ ಕಾರ್ಯಕ್ರಮಗಳಲ್ಲಿ ಯಾರೂ ಅದಕ್ಕೆ ಆಸ್ಪದ ಕೊಡಬಾರದು.

ಆದರೂ ಈ ಎರಡು ತಪ್ಪುಗಳು ಹೊರಗಿನವು. ಮೂರನೆಯದು ಕಲೆಗೇ ಸಂಬಂಧಿಸಿದ್ದು. ಮೊದಲರ್ಧದಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಹುಡುಗ ತಡವರಿಸಿದ. ಒಮ್ಮೆ ಮೌನ, ಒಮ್ಮೆ ಎರಡು ಹಾಡುಗಳ ಡಿಕ್ಕಿ. ಭಾವಗೀತೆಯೊಂದರ ಕೊನೆಯ ಸಾಲನ್ನೇ ಕತ್ತರಿಸಿಬಿಟ್ಟ. ಸಭೆಯಲ್ಲಿ ಗೊಣಗಾಟ ಶುರುವಾಯಿತು. ನಮಗೂ ಸಿಟ್ಟು ಬಂದದ್ದು ನಿಜ. ಆದರೆ ಚಹಾದ ವಿರಾಮದಲ್ಲಿ ಹತ್ತಿರ ಹೋಗಿ ನೋಡಿದಾಗ ಅವನ ಪಾಡು ತಿಳಿಯಿತು.

ಡಿಜೆಯ ಕಲೆಯ ಜೀವಾಳ ಇರುವುದು ಒಂದು ಸರಳ ಸಂಗತಿಯಲ್ಲಿ: ಸಭೆ ಒಂದು ಹಾಡನ್ನು ಕೇಳುತ್ತಿರುವಾಗ ಅವನು ಹೆಡ್‌ಫೋನಿನಲ್ಲಿ ಮುಂದಿನದನ್ನು ಕೇಳಿಕೊಳ್ಳಬೇಕು. ಎರಡರ ಲಯ, ಶ್ರುತಿ, ಎತ್ತುಗಡೆ ಹೊಂದಿದ ಮೇಲೆಯೇ ಎರಡನೆಯದನ್ನು ಒಳಗೆ ಬಿಡಬೇಕು. ೧೯೭೧ರಲ್ಲಿ ರೂಡಿ ಬೋಝಾಕ್ ಹೊರತಂದ ಮಿಕ್ಸರಿನಿಂದ ಇಂದಿನವರೆಗೆ ಎಲ್ಲ ಡಿಜೆ ಮಿಕ್ಸರುಗಳ ಹೃದಯ ಇದೇ. ಸಭೆಯಲ್ಲಿ ಹಾಡುಗಳನ್ನು ಪೋಣಿಸುವ ಈ ಕೆಲಸಕ್ಕೆ ಗಿರಗಿರ ತಿರುಗುವ ಕಣ್ಣು ಕುಕ್ಕುವ ದೀಪ ಬೇಕಿಲ್ಲ, ಎರಡು ಕಿವಿ ಬೇಕು: ಒಂದು ಸಭೆಗೆ, ಒಂದು ಮುಂದಿನ ಹಾಡಿಗೆ.

ನಮ್ಮ ಹುಡುಗನಿಗೆ ಆ ಎರಡನೆಯ ಕಿವಿಯೇ ಇರಲಿಲ್ಲ. ಸಾಧಾರಣ ಲ್ಯಾಪ್‌ಟಾಪಿಗೆ ದನಿ ಹೊರಬರುವ ಬಾಗಿಲು ಒಂದೇ. ಸಾಫ್ಟ್‌ವೇರಿನ ಎರಡು ಡೆಕ್ಕುಗಳ ಹಾಡುಗಳೂ ಒಳಗೇ ಬೆರೆತು ಆ ಒಂದೇ ಬಾಗಿಲಿನಿಂದ ಹೊರಟು ಮಿಕ್ಸರಿನ ಒಂದನೆಯ ಚಾನೆಲ್ಲಿಗೆ ಸೇರುತ್ತಿದ್ದವು. ಎರಡನೆಯ ಚಾನೆಲ್ ಖಾಲಿ. ನಡುವಿನ ಕ್ರಾಸ್‌ಫೇಡರಿಗೆ ಮಕ್ಕಳ ಆಟದ ಕಾರಿನ ಸ್ಟಿಯರಿಂಗಿನಷ್ಟೇ ಬೆಲೆ. ಮಿಕ್ಸರಿಗೆ ಹೆಡ್‌ಫೋನ್ ಸಿಕ್ಕಿಸಿದರೂ ಸಭೆ ಕೇಳುವುದೇ ಅದರಲ್ಲಿಯೂ ಕೇಳುತ್ತಿತ್ತು. ಕುದುರೆಯನ್ನೂ ಕೊಟ್ಟು ಕಣ್ಣಿಗೆ ಬಟ್ಟೆಯನ್ನೂ ಕಟ್ಟಿದ ಮೇಲೆ ಸವಾರನನ್ನು ಬೈದು ಪ್ರಯೋಜನವೇನು?

ವಿರಾಮದಲ್ಲಿ ಅವನ ಗೆಳೆಯನೊಬ್ಬ ಬೋಪೋಡಿಯ ತನ್ನ ಮನೆಗೆ ಹೋಗಿ ಅಂಗೈಯಗಲದ ಒಂದು ಪೆಟ್ಟಿಗೆ ತಂದ. ಅದು ಯುಎಸ್‌ಬಿ ಸೌಂಡ್ ಕಾರ್ಡು. ಅದರಲ್ಲಿ ನಾಲ್ಕು ಹೊರದಾರಿಗಳು, ಅಂದರೆ ಎರಡು ಸ್ಟೀರಿಯೋ ಜೋಡಿಗಳು. ಸಾಫ್ಟ್‌ವೇರಿನಲ್ಲಿ 'ಹೊರಗೆ ಬೆರೆಸುವುದು' ಎಂಬ ಕ್ರಮವನ್ನು ಆರಿಸಿ, ಒಂದನೆಯ ಡೆಕ್ಕನ್ನು ೧-೨ರ ಜೋಡಿಗೂ ಎರಡನೆಯದನ್ನು ೩-೪ರ ಜೋಡಿಗೂ ಕಳಿಸಿ, ಅವನ್ನು ಮಿಕ್ಸರಿನ ಒಂದು ಮತ್ತು ಎರಡನೆಯ ಚಾನೆಲ್ಲುಗಳ ಲೈನ್ ಪ್ರವೇಶಕ್ಕೆ ಜೋಡಿಸಿದರು. ಹತ್ತು ನಿಮಿಷದ ಕೆಲಸ. ಆಗ ಮಿಕ್ಸರ್ ನಿಜವಾಗಿ ಮಿಕ್ಸರಾಯಿತು.

ವಿರಾಮದ ನಂತರದ್ದು ಬೇರೆಯೇ ಕಾರ್ಯಕ್ರಮ. ಮೊದಲು ಎರಡು ಚಿತ್ರಗೀತೆಗಳು ಬೆಣ್ಣೆಯಲ್ಲಿ ಕೂದಲೆಳೆದಂತೆ ಒಂದರಿಂದ ಇನ್ನೊಂದಕ್ಕೆ ಸರಿದವು. ಆಮೇಲೆ ಅವನು ಒಂದು ಜನಪದ ಹಾಡನ್ನು ತೆಗೆದುಕೊಂಡು 'ಸಿಂಕ್' ಎಂಬ ಗುಂಡಿ ಒತ್ತಿದ, ಹಾಡು ಕುಂಟತೊಡಗಿತು. ಇಲ್ಲಿ ಒಂದು ಮಾತು ವಿವರವಾಗಿ ಹೇಳುವುದು ಅವಶ್ಯ. ಈ ಸಾಫ್ಟ್‌ವೇರುಗಳು ಹಾಡಿನ ಪೆಟ್ಟುಗಳನ್ನು ಎಣಿಸಿ ಅದರ ಮೇಲೆ ಕಂಬಿ ಎಳೆದಂತೆ ಸಮನಾದ ಗೆರೆಗಳನ್ನು ಹಾಕುತ್ತವೆ. ನಾಲ್ಕು ಪೆಟ್ಟಿನ ಆವರ್ತ, ಮೊದಲಿನಿಂದ ಕೊನೆಯವರೆಗೆ ಒಂದೇ ವೇಗ, ಇವು ಅವುಗಳ ನಂಬಿಕೆ. ಯಂತ್ರದ ತಾಳಕ್ಕೆ ಕೂಡಿಸಿದ ಇಂದಿನ ಹಾಡುಗಳಿಗೆ ಅದು ಸರಿ. ಆದರೆ ನಮ್ಮಲ್ಲಿ ಏಳು ಪೆಟ್ಟಿನ ಮಿಶ್ರಛಾಪು ಇದೆ, ಆರರ ದಾದರಾ ಇದೆ; ಹಾಡುತ್ತ ಹಾಡುತ್ತ ಕಾವೇರಿ ವೇಗ ಹೆಚ್ಚುವ ಡೊಳ್ಳು ಇದೆ. ಹಳೆಯ ಧ್ವನಿಮುದ್ರಣಗಳಲ್ಲಿ ವಾದ್ಯಗಾರರು ಎದುರುಬದುರು ಕುಳಿತು ಬಾರಿಸಿದ್ದಾರೆ. ಅವರ ಉಸಿರಿನಂತೆ ಲಯವೂ ಹಿಗ್ಗುತ್ತದೆ, ಕುಗ್ಗುತ್ತದೆ. ಇವನ್ನೆಲ್ಲ ಆ ಗೆರೆಗಳಿಗೆ ಬಿಗಿದರೆ ನಡೆ ಕೆಡುತ್ತದೆ. ಆದ್ದರಿಂದ ಕನ್ನಡದ ಹಾಡುಗಳನ್ನು ಪೋಣಿಸುವವನು ಗುಂಡಿಯನ್ನು ಮರೆತು ಕಿವಿಯನ್ನು ನಂಬಬೇಕು.

ಹುಡುಗ ಇದನ್ನು ಅಲ್ಲಿಯೇ ಅರಿತುಕೊಂಡ ಎಂಬುದೇ ನಮಗೆ ಅವನ ಮೇಲೆ ಗೌರವ ಹುಟ್ಟಿಸಿದ ಸಂಗತಿ. ಗುಂಡಿಯಿಂದ ಕೈ ತೆಗೆದು ತನ್ನ ಕೊನೆಯ ಸಾಮಗ್ರಿಯನ್ನು ಹೊರತೆಗೆದ. ಅದು ಅವನ ಅಜ್ಜಿಯ ದನಿ. ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಬೀಸುವ ಕಲ್ಲಿನ ಪದ ಹೇಳಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದಿದ್ದನಂತೆ. ಹಿಂದೆ ಕಲ್ಲಿನ ಗರಗರ ಸದ್ದು, ನಡುವೆ ಒಂದು ಕೋಳಿಯ ಕೂಗು, ಮೇಲೆ ಆ ದನಿ. ಬೀಸುವ ಕೈ ದಣಿದಾಗ ಪದ ನಿಧಾನವಾಗುತ್ತದೆ. ಹಿಡಿ ಜೋಳ ಹಾಕಲು ನಿಂತಾಗ ಅರೆಗಳಿಗೆ ತಡೆಯುತ್ತದೆ. ಅವನು ಅದರ ಕೆಳಗೆ ಡೊಳ್ಳನ್ನು ಬಹಳ ಮೆಲ್ಲಗೆ ತಂದ. ಎಡಗಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಬಲಗೈ ಬೆರಳಿನಿಂದ ಡೊಳ್ಳಿನ ವೇಗದ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸುತ್ತ, ಅಜ್ಜಿ ತಡೆದಲ್ಲಿ ಡೊಳ್ಳನ್ನೂ ತಡೆಯುತ್ತ ಹೋದ. ಅಜ್ಜಿಯನ್ನು ಯಂತ್ರದ ಗೆರೆಗೆ ಎಳೆಯಲಿಲ್ಲ, ಡೊಳ್ಳನ್ನೇ ಅಜ್ಜಿಯ ಕೈಗೆ ಹೊಂದಿಸಿದ. ಸುಮಾರು ನಾಲ್ಕು ನಿಮಿಷ ಸಭೆ ಸ್ತಬ್ಧವಾಗಿತ್ತು. ಇದು ಕಲೆಯಲ್ಲ ಎನ್ನುವವರು ದಯವಿಟ್ಟು ನಮಗೆ ಕಲೆ ಯಾವುದೆಂದು ತಿಳಿಸಬೇಕು.

ಆ ಅಜ್ಜಿ ಸಭೆಯಲ್ಲಿಯೇ ಇದ್ದರು, ನಮ್ಮಿಂದ ಎರಡು ಕುರ್ಚಿ ಆಚೆ. ಸೆರಗನ್ನು ಬಾಯಿಗೆ ಹಿಡಿದು ಕೇಳುತ್ತಿದ್ದರು.

ಅಷ್ಟರಲ್ಲಿ ಹಿಂದಿನಿಂದ ಕೆಲವು ಹುಡುಗರು 'ಆವಾಜ್ ವಾಢವಾ!' ಎಂದು ಕೂಗಿದರು. ಹಿಂದಿನ ಮೇಜಿನ ಮೇಲೆ ಸಭಾಗೃಹದ ದೊಡ್ಡ ಮಿಕ್ಸರ್ ನೋಡಿಕೊಳ್ಳುತ್ತಿದ್ದವನು ಗೇನ್ ಗುಂಡಿಯನ್ನು ಒಮ್ಮೆಲೆ ತಿರುಗಿಸಿದ. ಕೆಂಪು ದೀಪಗಳು ಉರಿದವು. ದನಿ ಏರಿತು, ಆದರೆ ಹರಿಯಿತು. ಮೊಬೈಲಿನಲ್ಲಿ ಮುದ್ರಿಸಿದ ತೆಳುವಾದ ದನಿ ಅದು. ಯಂತ್ರ ತಾಳುವ ಮಿತಿ ದಾಟಿದಾಗ ಅಲೆಯ ತಲೆಯೇ ಕತ್ತರಿಸಿ ಹೋಗುತ್ತದೆ. ಒಂದು ಹಂತದಲ್ಲಿ ಹೀಗೆ ಕತ್ತರಿಸಿದ್ದನ್ನು ಮುಂದಿನ ಹಂತದಲ್ಲಿ ಎಷ್ಟು ಇಳಿಸಿದರೂ ಸರಿಯಾಗುವುದಿಲ್ಲ. ಒಡೆದ ಹಾಲು ಮತ್ತೆ ಹಾಲಾಗದು. ಹಿರಿಯರು ಎದ್ದರು. ಅಜ್ಜಿ ಮಾತ್ರ ಕುಳಿತೇ ಇದ್ದರು. ಕಾರ್ಯಕ್ರಮ ಮುಗಿದ ಮೇಲೆ ಮೊಮ್ಮಗ ಬಂದು ಕಾಲಿಗೆ ಬಿದ್ದಾಗ ಅವರು ಕೇಳಿದ್ದು ಒಂದೇ ಮಾತು: 'ಛಲೋ ಇತ್ತೋ ತಮ್ಮಾ. ಆದ್ರ ಕಡೀಕ ನನ್ನ ದನಿ ಹಿಂಗ್ಯಾಕ ಹರೀತು?'

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಡಬೇಕಾದವರು ನಾವು.

ಈಗ ಸಮಿತಿಯ ಮುಂದಿರುವ ಸೂಚನೆಗೆ ಬರೋಣ. 'ಸದ್ದು ಹೆಚ್ಚಾಯಿತು, ಆದ್ದರಿಂದ ನಿಲ್ಲಿಸಿ' ಎನ್ನುವವರ ಪಕ್ಷದಲ್ಲಿ ನ್ಯಾಯವಿಲ್ಲದಿಲ್ಲ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಗಳಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ಲು ಮಿತಿ. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ೧೦೦ ಮೀಟರು ಮೌನವಲಯವಾಗಬಹುದು. ಸಭಾಗೃಹದ ಒಳಗೂ ಮಿತಿ ಬೇಕು. ಮನರಂಜನೆಯ ಸ್ಥಳಗಳಲ್ಲಿ ೧೫ ನಿಮಿಷಗಳ ಸರಾಸರಿ ೧೦೦ ಡೆಸಿಬೆಲ್ಲನ್ನು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಹೇಳಿದೆ. ಕುಳಿತು ಕೇಳುವ ನಮ್ಮಂಥ ಸಭೆಗೆ ಅದಕ್ಕಿಂತ ಬಹಳ ಕಡಿಮೆಯೇ ಸಾಕು. ಖಡಕಿಯ ಜನಕ್ಕೆ ಸದ್ದು ಹೊಸದಲ್ಲ. ೧೮೧೭ರ ನವೆಂಬರ್ ೫ರಂದು ಪೇಶವೆಯರ ಮತ್ತು ಇಂಗ್ಲಿಷರ ತೋಪುಗಳು ಗುಡುಗಿದ್ದು ಇಲ್ಲಿ. ೧೮೬೯ರಿಂದ ಮದ್ದುಗುಂಡಿನ ಕಾರ್ಖಾನೆ ಇರುವುದೂ ಇಲ್ಲಿಯೇ. ಅಷ್ಟಿದ್ದೂ ರಾಜ್ಯೋತ್ಸವದ ಸಂಜೆ ನಾವೂ ಒಂದು ತೋಪು ಹಾರಿಸಬೇಕಿಲ್ಲ.

ಆದರೆ ಪರಿಹಾರ ನಿಷೇಧವಲ್ಲ. ನಾವು ಬದುಕುತ್ತಿರುವ ಊರು ಯಾವುದು? ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು ೧೯೫೩ರಲ್ಲಿ ಸಂಗೀತೋತ್ಸವವನ್ನು ಆರಂಭಿಸಿದ ಊರು. ತಂಬೂರಿಯ ನಾದ ಸರಿಯಾಗಿ ಕೇಳದಿದ್ದರೆ ಹಿಂದಿನ ಸಾಲಿನವರು ತಿರುಗಿ ನೋಡುವ ಊರು. ಇಲ್ಲಿ ಕನ್ನಡಿಗರು ಕಿವಿಯಿಂದಲೇ ಮಾನ ಗಳಿಸಿದ್ದಾರೆ. ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಧ್ವನಿಸುರುಳಿ ೧೯೭೮ರಲ್ಲಿ ಬಂದಾಗ 'ಕವಿತೆಯನ್ನು ಕ್ಯಾಸೆಟ್ಟಿಗೆ ಹಾಕುವುದೇ?' ಎಂದು ಮೂಗು ಮುರಿಯುವುದು ಸುಲಭವಿತ್ತು. ಆದರೆ ಹೊರನಾಡಿನ ಎಷ್ಟು ಮನೆಗಳಿಗೆ ಕನ್ನಡ ಕವಿತೆ ಬಂದದ್ದು ಕ್ಯಾಸೆಟ್ಟಿನಲ್ಲಿಯೇ! ಇಂದಿನ ಹುಡುಗರ ಕೈಯಲ್ಲಿರುವುದು ಲ್ಯಾಪ್‌ಟಾಪು. ಆ ಸಂಜೆ ವೇದಿಕೆಯ ಮೇಲೆ ಭಾಷಣ ಮಾಡಿದ ನಾವೆಲ್ಲ 'ಮಕ್ಕಳು ಕನ್ನಡ ಮರೆಯುತ್ತಿದ್ದಾರೆ' ಎಂದೆವು. ಊರಿಗೆ ಹೋಗಿ ಅಜ್ಜಿಯ ಪದ ಮುದ್ರಿಸಿಕೊಂಡು ಬಂದವನು ಅವನೊಬ್ಬನೇ. ಅವನನ್ನು ವೇದಿಕೆಯಿಂದ ಇಳಿಸಿ ನಾವು ಉಳಿಸಿಕೊಳ್ಳುವುದಾದರೂ ಏನನ್ನು?

ಹುಡುಗರಿಗೂ ಒಂದು ಮಾತು. ಸಭೆ ಕುಣಿಯಲೇಬೇಕೆಂಬ ಹಟ ಬೇಡ. ಪೆಟ್ಟು ಜೋರಾದಷ್ಟೂ ಹಾಡು ದೊಡ್ಡದಾಗುತ್ತದೆಂಬ ಭ್ರಮೆಯೂ ಬೇಡ. ಹಾಡನ್ನು ನಡುವೆ ಕತ್ತರಿಸುವ ಮೊದಲು ಅದರ ಸಾಹಿತ್ಯವನ್ನು ಒಮ್ಮೆ ಓದಿರಿ, ತಿಳಿಯದಿದ್ದರೆ ಮನೆಯಲ್ಲಿ ಕೇಳಿರಿ. ಅಜ್ಜಿಯ ಪದಕ್ಕೆ ನಿಮ್ಮವನು ತೋರಿಸಿದ ತಾಳ್ಮೆ ಉಳಿದ ಹಾಡುಗಳಿಗೂ ದೊರೆಯಲಿ.

ಇನ್ನು ಯಂತ್ರದ ಆಯ್ಕೆ. ಬಾಡಿಗೆಗಾಗಲಿ ಕ್ರಯಕ್ಕಾಗಲಿ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಬೆರಕೆ ಎಲ್ಲಿ ನಡೆಯಬೇಕು?' ಎಂಬುದು. ಲ್ಯಾಪ್‌ಟಾಪಿನ ಒಳಗೇ ನಡೆಯುವುದಾದರೆ ಬೇಕಾದದ್ದು ಕಂಟ್ರೋಲರು. ಅದರ ಪಟ್ಟಿ, ಗುಂಡಿಗಳು ಸಾಫ್ಟ್‌ವೇರಿಗೆ ಆಜ್ಞೆ ಕೊಡುತ್ತವೆ. ಹೆಚ್ಚಿನವುಗಳ ಹೊಟ್ಟೆಯಲ್ಲಿಯೇ ಸೌಂಡ್ ಕಾರ್ಡು ಇರುತ್ತದೆ. ಸಭೆಗೊಂದು, ಹೆಡ್‌ಫೋನಿಗೊಂದು ಹೊರದಾರಿ ಇದೆಯೇ ಎಂದು ನೋಡಿಕೊಂಡರೆ ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ ಕೆಲಸ ಮುಗಿಯುತ್ತದೆ. ಬೆರಕೆ ಹೊರಗೆ ನಡೆಯಬೇಕಾದರೆ ಮಿಕ್ಸರು. ಆಗ ನಾಲ್ಕು ಹೊರದಾರಿಗಳ ಸೌಂಡ್ ಕಾರ್ಡು ಮಿಕ್ಸರಿನ ಒಳಗಾದರೂ ಇರಬೇಕು, ಹೊರಗಿನಿಂದಾದರೂ ತರಬೇಕು. ಗ್ರಾಮಫೋನ್ ತಟ್ಟೆಯಿಂದಲೇ ಲ್ಯಾಪ್‌ಟಾಪಿನ ಹಾಡನ್ನು ಆಡಿಸುವ ಮೂರನೆಯ ದಾರಿಯೂ ಉಂಟು. ಅದು ದುಬಾರಿ, ನಮಗೆ ಅನಗತ್ಯ.

ಎರಡನೆಯ ಪ್ರಶ್ನೆ ಸಾಫ್ಟ್‌ವೇರಿನದು. ಸೆರಾಟೊದಂಥವು ತಾವು ಒಪ್ಪಿದ ಯಂತ್ರಗಳೊಡನೆ ಮಾತ್ರ ಪೂರ್ತಿ ಕೆಲಸ ಮಾಡುತ್ತವೆ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಅವುಗಳ ಪಟ್ಟಿ ನೋಡಬೇಕು. ೨೦೦೧ರಿಂದ ಬೆಳೆದುಬಂದಿರುವ 'ಮಿಕ್ಸ್' ಎಂಬುದು ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಸಾಧಾರಣ ಸೌಂಡ್ ಕಾರ್ಡುಗಳನ್ನೂ ಒಪ್ಪುತ್ತದೆ. ಸಂಘದ ಬೊಕ್ಕಸಕ್ಕೆ ಇದು ಹೇಳಿಸಿದಂತಿದೆ. ವಿಂಡೋಸಿನಲ್ಲಿ ಸೌಂಡ್ ಕಾರ್ಡಿನ ಎಎಸ್ಐಒ ಡ್ರೈವರನ್ನು ಹಾಕಿಕೊಳ್ಳುವುದು ಲೇಸು. ಗುಂಡಿ ಒತ್ತಿದ್ದಕ್ಕೂ ದನಿ ಬರುವುದಕ್ಕೂ ನಡುವಿನ ವಿಳಂಬ ಬಫರಿನ ಅಳತೆಯನ್ನು ಅವಲಂಬಿಸಿದೆ: ೨೫೬ ಮಾದರಿಗಳಾದರೆ ಸುಮಾರು ೬ ಮಿಲಿಸೆಕೆಂಡು, ೨೦೪೮ ಆದರೆ ಸುಮಾರು ೪೬. ಬಹಳ ಕಡಿಮೆ ಮಾಡಿದರೆ ಹಳೆಯ ಲ್ಯಾಪ್‌ಟಾಪು ಏದುಸಿರು ಬಿಟ್ಟು ದನಿ ಪಟಪಟ ಒಡೆಯುತ್ತದೆ. ಮನೆಯಲ್ಲಿಯೇ ಪರೀಕ್ಷಿಸಿ ಗೊತ್ತುಮಾಡಿಕೊಳ್ಳಬೇಕು.

ಮೂರನೆಯದು ಮೈಕು. ನಮ್ಮದು ಬರೀ ಹಾಡಿನ ಸಭೆಯಲ್ಲ, ನಿರೂಪಕರಿದ್ದಾರೆ, ಹಾಡುವವರಿದ್ದಾರೆ. ಅವರ ಮೈಕುಗಳನ್ನು ಡಿಜೆ ಯಂತ್ರಕ್ಕೆ ತುರುಕದೆ ಸಭಾಗೃಹದ ದೊಡ್ಡ ಮಿಕ್ಸರಿಗೇ ಕೊಡಬೇಕು. ಡಿಜೆಯ ದನಿ ಅದೇ ಮಿಕ್ಸರಿನ ಒಂದು ಸ್ಟೀರಿಯೋ ಚಾನೆಲ್ಲಿಗೆ ಅತಿಥಿಯಂತೆ ಬರಲಿ. ಸಂಜೆ ಆರಕ್ಕೆ ಸಭೆಯಾದರೆ ನಾಲ್ಕಕ್ಕೇ ಎಲ್ಲ ಜೋಡಿಸಿ, ಹಸಿರು ದೀಪ ದಾಟದಂತೆ ಮಟ್ಟ ಗೊತ್ತುಮಾಡಿ, ಗೇನ್ ಗುಂಡಿಯ ಮೇಲೆ ಒಂದು ಪಟ್ಟಿ ಅಂಟಿಸಿಬಿಡಬೇಕು. ಆ ಮೇಜಿನ ಬಳಿ ನಮ್ಮವರೊಬ್ಬರು ಕುಳಿತಿರಬೇಕು. ಹಿಂದಿನಿಂದ ಯಾರು ಎಷ್ಟೇ ಕೂಗಿದರೂ ಪಟ್ಟಿ ಕೀಳಬಾರದು. ಆ ಕೆಲಸಕ್ಕೆ ಬೇರೆ ಯಾರೂ ಸಿಗದಿದ್ದರೆ ನಾವೇ ಕುಳಿತುಕೊಳ್ಳಲು ಸಿದ್ಧ.

ಆದ್ದರಿಂದ ಸಮಿತಿಗೆ ನಮ್ಮ ವಿನಂತಿ: ನಿಷೇಧದ ಸೂಚನೆಯನ್ನು ಕೈಬಿಟ್ಟು, ಮಿಕ್ಸರ್ ಆರಿಸಲು ಇಬ್ಬರು ಹುಡುಗರು ಮತ್ತು ಒಬ್ಬ ಹಿರಿಯರ ಸಣ್ಣ ಉಪಸಮಿತಿಯನ್ನು ನೇಮಿಸಬೇಕು. ಬರುವ ವರ್ಷ ಅಜ್ಜಿ ವೇದಿಕೆಯ ಮೇಲೆಯೇ ಕುಳಿತು ಮೈಕಿನಲ್ಲಿ ಹಾಡಲಿ, ಮೊಮ್ಮಗ ಅವರ ಲಯಕ್ಕೆ ಡೊಳ್ಳು ಹೊಂದಿಸಲಿ. ಅವರನ್ನು ನಾವು ಕೇಳಿದ್ದೇವೆ, ಬರುತ್ತೇನೆಂದು ಒಪ್ಪಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಉಪಸಮಿತಿಯ ನೇಮಕವನ್ನು ಮುಂದಿನ ಸಭೆಗೆ ಹಾಕದೆ ಈ ಸಭೆಯಲ್ಲಿಯೇ ಮುಗಿಸಬೇಕೆಂದು ಕೋರುತ್ತೇವೆ.